ಫೋಮ್ ಫ್ಲೈ ತಿರುಗುತ್ತಿದೆಯಾ, ಮುಳುಗುತ್ತಿದೆಯಾ? ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ಫ್ಲೈ ಅಂದರೆ ಗಾಳದ ಮೇಲೆ ದಾರ, ಗರಿ, ಫೋಮ್ ಥರದ್ದನ್ನು ಕಟ್ಟಿ ಮಾಡುವ ಹುಳುವಿನಂಥ ನಕಲಿ ಎರೆ. ವೈಸ್‌ನಲ್ಲಿ, ಅಂದರೆ ಕಟ್ಟುವಾಗ ಗಾಳ ಹಿಡಿಯುವ ಇಕ್ಕಳದಲ್ಲಿ, ನೆಟ್ಟಗೆ ಕೂತಿದ್ದ ಫ್ಲೈ, ನಾಲ್ಕಾರು ಸಲ ಬೀಸಿ ಎಸೆದ ಮೇಲೆ ಬೆನ್ನನ್ನು ಪಕ್ಕಕ್ಕೆ ವಾಲಿಸಿಕೊಂಡು ಬರುತ್ತದೆ. ಬೆರಳಿನಿಂದ ಸರಿ ಮಾಡುತ್ತೀರಿ. ಮತ್ತೆ ವಾಲುತ್ತದೆ. ಫೋಮ್ ಫ್ಲೈ ಕಟ್ಟಲು ಶುರು ಮಾಡಿದವರಿಗೆ ಬರುವ ಮೊದಲ ತಲೆನೋವು ಇದು. ಇದರ ಹಿಂದೆಯೇ ಬೇರೆಯವೂ ಬರುತ್ತವೆ. ದಾರ ಬಿಗಿದ ಸೊಂಟದ ಹತ್ತಿರ ಫೋಮ್ ಸೀಳಿ ಹೋಗುತ್ತದೆ, ತೇಲಬೇಕಾದದ್ದು ಮುಳುಗುತ್ತದೆ, ನೀರಿಗೆ ಬಿದ್ದಾಗ ಮಗುಚುತ್ತದೆ, ಮೀನು ಬಂದು ಕಚ್ಚಿದರೂ ಗಾಳಕ್ಕೆ ಸಿಗುವುದಿಲ್ಲ.

ಏನೇ ಆದರೂ ಜನ ಮೊದಲು ಬೈಯುವುದು ಫೋಮ್ ಶೀಟನ್ನು. ಅಂಗಡಿಗೆ ಹೋಗಿ ಇನ್ನೊಂದು ಶೀಟ್ ತರುತ್ತಾರೆ. ಹೊಸ ಶೀಟ್‌ನಲ್ಲೂ ಅದೇ ಗೋಳು. ನನ್ನ ಪ್ರಕಾರ ಹೆಚ್ಚಿನ ದೋಷಗಳು ಶೀಟ್‌ನಲ್ಲಿ ಇರುವುದಿಲ್ಲ. ದಾರ, ಫೋಮ್, ಗಾಳದ ಕಡ್ಡಿ ಮೂರೂ ಸೇರುವ ಒಂದೆರಡು ಮಿಲಿಮೀಟರ್ ಜಾಗದಲ್ಲಿ ಇರುತ್ತವೆ. ಅಲ್ಲಿ ಮೊದಲು ನೋಡಬೇಕು.

ಉದಾಹರಣೆಗೆ ಚೆರ್ನೋಬಿಲ್ ಆಂಟ್ ತೆಗೆದುಕೊಳ್ಳೋಣ. ಅಮೆರಿಕದ ಯೂಟಾ ರಾಜ್ಯದಲ್ಲಿ, ಫ್ಲೇಮಿಂಗ್ ಗಾರ್ಜ್ ಅಣೆಕಟ್ಟಿನ ಕೆಳಗೆ ಹರಿಯುವ ಗ್ರೀನ್ ನದಿಯ ಗೈಡ್‌ಗಳ ಕೈಯಲ್ಲಿ ಬೆಳೆದ ಫ್ಲೈ ಇದು. ಅಲ್ಲಿ ಬೇಸಿಗೆ ಶುರುವಾಗುವ ಹೊತ್ತಿಗೆ ಸಿಕಾಡಾ ಅನ್ನುವ ದಪ್ಪ ಹುಳುಗಳು ನೀರಿಗೆ ಬೀಳುತ್ತವೆ, ಟ್ರೌಟ್ ಮೀನುಗಳು ಅವನ್ನು ನುಂಗಲು ಮೇಲೆ ಬರುತ್ತವೆ. ಕಟ್ಟುವುದು ಬಲು ಸರಳ. ಉದ್ದ ಕಡ್ಡಿಯ ಗಾಳ, ಅದರ ಮೇಲೆ ಕಪ್ಪು ಫೋಮ್ ಪಟ್ಟಿ, ಹಿಂದೊಂದು ಮುಂದೊಂದು ಕಟ್ಟು, ಎರಡೂ ಕಟ್ಟಿನಲ್ಲಿ ರಬ್ಬರ್ ಕಾಲುಗಳು. ಗರಿ ಸುತ್ತುವ ಕೆಲಸ ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ಇಷ್ಟು ಸರಳವಾದ್ದರಿಂದಲೇ ದೋಷ ಹುಡುಕುವುದನ್ನು ಕಲಿಯಲು ಇದು ಒಳ್ಳೆಯದು. ಅಡಗಿಕೊಳ್ಳಲು ಅಲ್ಲಿ ಜಾಗವೇ ಇಲ್ಲ.

ಮೈ ತಿರುಗುತ್ತಿದೆ

ಅಂಟು ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಗಾಳದ ಬಾಗನ್ನು ವೈಸ್‌ಗೆ ಹಾಕಿ. ಹೆಬ್ಬೆರಳು, ತೋರುಬೆರಳ ನಡುವೆ ಫೋಮ್ ಹಿಡಿದು ಕಾಲು ಸುತ್ತಿನಷ್ಟು ಮೆಲ್ಲಗೆ ತಿರುಚಿ. ನೋಡಬೇಕಾದ್ದು ಫೋಮ್ ಅಲ್ಲ, ದಾರದ ಸುತ್ತು. ಮೂರರಲ್ಲಿ ಒಂದು ಕಾಣಿಸುತ್ತದೆ.

ಫೋಮ್ ಜೊತೆಗೆ ದಾರವೂ ಒಟ್ಟಿಗೆ ಕಡ್ಡಿಯ ಸುತ್ತ ತಿರುಗಿದರೆ, ಕೆಳಗಿನ ಅಡಿಪಾಯ ಸರಿ ಇಲ್ಲ. ದಾರ ಅಲ್ಲೇ ಗಟ್ಟಿಯಾಗಿ ನಿಂತು ಅದರೊಳಗೆ ಫೋಮ್ ಮಾತ್ರ ಜಾರಿದರೆ, ಸುತ್ತು ಸಡಿಲ ಅಥವಾ ಸಾಲದು. ಕಟ್ಟಿದ ಜಾಗದಲ್ಲಿ ಏನೂ ಅಲುಗದೆ ಎರಡು ಕಟ್ಟಿನ ನಡುವಿನ ಫೋಮ್ ಮಾತ್ರ ತಿರುಚಿಕೊಂಡು, ಬಿಟ್ಟ ತಕ್ಷಣ ವಾಪಸ್ ಬಂದರೆ, ನಿಮ್ಮ ಫ್ಲೈಗೆ ಏನೂ ಆಗಿಲ್ಲ. ಫೋಮ್ ಅಂದಮೇಲೆ ಅಷ್ಟು ಬಳುಕಲೇಬೇಕು. ಅದನ್ನು ಸುಮ್ನೆ ಬಿಡಿ.

ಅಡಿಪಾಯ ಜಾರುವುದಕ್ಕೆ ಸಾಮಾನ್ಯ ಕಾರಣ, ಬರೀ ಕಡ್ಡಿಯ ಮೇಲೆ ಫೋಮ್ ಇಟ್ಟು ಕಟ್ಟುವುದು. ಗಾಳದ ಲೋಹ ನುಣುಪು. ಮೊದಲು ಗಾಳದ ಕಣ್ಣಿನ (ಎಳೆ ಕಟ್ಟುವ ತೂತಿನ) ಹಿಂದಿನಿಂದ ಬಾಗಿನವರೆಗೆ ದಾರ ಸುತ್ತಿಕೊಂಡು ಹೋಗಿ, ಅದರ ಮೇಲೆಯೇ ಅಗಲ ಅಗಲವಾಗಿ ಓರೆ ಸುತ್ತು ಹಾಕುತ್ತಾ ವಾಪಸ್ ಬನ್ನಿ. ಅಲ್ಲಲ್ಲಿ ಏಣು ಏಣಾಗಿ ಕಾಣಬೇಕು. ನೀಟಾಗಿ, ಒತ್ತೊತ್ತಾಗಿ ಸುತ್ತಿದ ದಾರ ಫೋಟೋಗೆ ಚೆಂದ, ಫೋಮ್ ಹಿಡಿಯಲು ಅಲ್ಲ.

ಇನ್ನೊಂದು ಕಾರಣ ಸುಲಭಕ್ಕೆ ಕಾಣುವುದಿಲ್ಲ. ಕೆಲವರು ಕಡ್ಡಿಯ ಮೇಲೆ ಮೊದಲು ಡಬ್ಬಿಂಗ್ (ದಾರಕ್ಕೆ ಹೊಸೆದ ಉಣ್ಣೆಯಂಥ ಎಳೆ) ಅಥವಾ ಶೆನೀಲ್ (ಜೂಲು ಜೂಲಾದ ದಪ್ಪ ದಾರ) ಸುತ್ತಿ ಹೊಟ್ಟೆ ಮಾಡುತ್ತಾರೆ, ಅದರ ಮೇಲೆ ಫೋಮ್ ಕಟ್ಟುತ್ತಾರೆ. ಆಗ ಫೋಮ್ ಕೂತಿರುವುದು ಮೆತ್ತನೆ ಉಣ್ಣೆಯ ಮೇಲೆ. ಎಷ್ಟೇ ಬಿಗಿದರೂ ಅದು ಉರುಳುತ್ತದೆ. ಕಟ್ಟು ಬೀಳುವ ಎರಡೂ ಕಡೆ ಉಣ್ಣೆ ಬಿಟ್ಟು, ಬರೀ ದಾರದ ಕಟ್ಟೆ ಉಳಿಸಿಕೊಳ್ಳಬೇಕು.

ಸುತ್ತು ಸಡಿಲವಾಗಿದ್ದರೆ ಕೆಲಸ ನಿಧಾನ ಮಾಡಬೇಕು. ಮೊದಲ ಎರಡು ಸುತ್ತು ಹಗುರ, ಫೋಮನ್ನು ಜಾಗದಲ್ಲಿ ನಿಲ್ಲಿಸುವಷ್ಟು ಮಾತ್ರ. ಮೂರನೆಯದು ಸ್ವಲ್ಪ ಬಿಗಿ. ನಾಲ್ಕನೆಯದು, ಐದನೆಯದು ಇನ್ನೂ ಬಿಗಿ, ಎಲ್ಲವೂ ಒಂದೇ ಜಾಗದಲ್ಲಿ, ಒಂದರ ಮೇಲೊಂದು. ಫೋಮ್ ಒಂದು ಸಲಕ್ಕೆ ಪೂರ್ತಿ ಕುಗ್ಗುವುದಿಲ್ಲ, ಒತ್ತಡದಲ್ಲಿ ಕ್ರಮೇಣ ತಗ್ಗುತ್ತದೆ. ಹಾಗಾಗಿ ಈಗ ಬಿಗಿ ಅನ್ನಿಸಿದ ಸುತ್ತು ಸ್ವಲ್ಪ ಹೊತ್ತಿನಲ್ಲಿ ಸಡಿಲವಾಗಿರುತ್ತದೆ. ಕಾಲು ಕಟ್ಟಿ ಮುಗಿಸಿದ ಮೇಲೆ ಅದೇ ಸೊಂಟಕ್ಕೆ ಮತ್ತೆ ಮೂರು ಸುತ್ತು ಹಾಕುವ ಅಭ್ಯಾಸ ಒಳ್ಳೆಯದು.

ದಾರ ತನ್ನ ಜೊತೆ ಫೋಮನ್ನೂ ಎಳೆದುಕೊಂಡು ಹೋಗುತ್ತದೆ ಅನ್ನುವುದೂ ನೆನಪಿರಲಿ. ಬಲಗೈಯವರು ಸುತ್ತುವಾಗ ದಾರ ಮೇಲಿನಿಂದ ಆಚೆ ಪಕ್ಕಕ್ಕೆ ಇಳಿಯುತ್ತದೆ, ಫೋಮೂ ಆಚೆಗೆ ವಾಲುತ್ತದೆ. ಅದಕ್ಕೇ ಎಡಗೈಯಲ್ಲಿ ಪಟ್ಟಿಯನ್ನು ನಿಮ್ಮ ಕಡೆಗೆ ಚೂರು ಓರೆಯಾಗಿ ಹಿಡಿಯಿರಿ. ಬಿಗಿಯುತ್ತಿದ್ದ ಹಾಗೆ ದಾರವೇ ಅದನ್ನು ನಡುಮಧ್ಯಕ್ಕೆ ತರುತ್ತದೆ. ಎಡಗೈಯವರು ಇದನ್ನೇ ತಿರುಗಿಸಿಕೊಳ್ಳಿ.

ಒಂದೇ ಕಟ್ಟಿನ ಫ್ಲೈ ತಿರುಗುವ ಸಂಭವ ಜಾಸ್ತಿ. ಎರಡು ಕಟ್ಟಿದ್ದರೆ ಒಂದನ್ನು ಇನ್ನೊಂದು ತಡೆಯುತ್ತದೆ. ಹಿಂದಿನ ಕಟ್ಟಿನಿಂದ ಮುಂದಿನದಕ್ಕೆ ಹೋಗುವಾಗ ದಾರವನ್ನು ಫೋಮ್ ಎತ್ತಿಹಿಡಿದು, ಅದರ ಕೆಳಗೆ ಕಡ್ಡಿಗೆ ಸುತ್ತುತ್ತಾ ಸಾಗಿಸಿ. ಫೋಮ್ ಮೇಲಿಂದ ಹಾಯಿಸಿದರೆ ಬೆನ್ನಿನ ಮೇಲೆ ಬೇಡದ ಗೀರು ಬೀಳುತ್ತದೆ.

ಅಂಟು ಕೊನೆಯ ಮಾತು. ಕಡ್ಡಿಯ ಮೇಲಿನ ದಾರಕ್ಕೆ ತೆಳುವಾಗಿ ಸೂಪರ್ ಗ್ಲೂ ಸವರಿ, ತಕ್ಷಣ ಫೋಮ್ ಕೂರಿಸಿ ಕಟ್ಟಿದರೆ ಸಾಕು. ಫೆವಿಕ್ವಿಕ್ ಥರದ್ದು ಯಾವುದಾದರೂ ನಡೆಯುತ್ತದೆ. ಮುಗಿದ ಮೇಲೆ ಹೊಟ್ಟೆಯ ಕಡೆಯಿಂದ ದಾರದ ಸುತ್ತಿಗೆ ಸೂಜಿಮೊನೆಯಷ್ಟು ಬಿಟ್ಟರೆ ಇನ್ನೂ ಒಳ್ಳೆಯದು. ಜಾಸ್ತಿ ಸುರಿದರೆ ಫೋಮ್ ಆ ಜಾಗದಲ್ಲಿ ಗಾಜಿನ ಹಾಗೆ ಗಟ್ಟಿಯಾಗುತ್ತದೆ, ಆಮೇಲೆ ಅಂಚಿನಲ್ಲೇ ಬಿರುಕು ಬಿಡುತ್ತದೆ. ಈ ಅಂಟು ಒಣಗುವುದು ಗಾಳಿಯ ತೇವದಿಂದ. ಯೂಟಾದಂಥ ಒಣ ಊರಿನಲ್ಲಿ ನಿಧಾನ. ಮಂಗಳೂರಿನ ಮಳೆಗಾಲದಲ್ಲಿ ಬೇಗ, ಆದರೆ ಸುತ್ತಮುತ್ತ ಬೂದಿ ಬಣ್ಣದ ಪೊರೆ ಕಟ್ಟುತ್ತದೆ. ಆ ಪೊರೆಯಿಂದ ಹಿಡಿತಕ್ಕೆ ತೊಂದರೆ ಇಲ್ಲ, ನೋಡೋಕೆ ಮಾತ್ರ ಕೆಟ್ಟದಾಗಿರುತ್ತದೆ.

ಅಡಿಪಾಯ ಕೆಟ್ಟಿದ್ದರೆ ಅಂಟು ಅದನ್ನು ಮುಚ್ಚಿಡುತ್ತದೆ, ಅಷ್ಟೇ. ನದಿಯಲ್ಲಿ ಒಂದು ಮೀನು ಜಗಿದರೆ ಮತ್ತೆ ಶುರು.

ಸೊಂಟದಲ್ಲಿ ಸೀಳುತ್ತಿದೆ

ಮೇಲೆ ಹೇಳಿದ್ದನ್ನು ಓದಿ ಜೋರಾಗಿ ಬಿಗಿದವರಿಗೆ ಬರುವ ತೊಂದರೆ ಇದು. ಆದರೆ ಇಲ್ಲಿ ತಪ್ಪು ಜೋರಿನದ್ದಲ್ಲ, ದಾರದ ಆಕಾರದ್ದು.

ಫ್ಲೈ ದಾರವನ್ನು ಡೆನಿಯರ್ ಲೆಕ್ಕದಲ್ಲಿ ಅಳೆಯುತ್ತಾರೆ. 9000 ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಚಿಕ್ಕ ಫ್ಲೈಗಳಿಗೆ ಬಳಸುವ 70 ಡೆನಿಯರ್ ದಾರ ಫೋಮ್‌ಗೆ ತೀರಾ ತೆಳು. 140 ಅಥವಾ 210 ಬೇಕು. ಹಳೆಯ ಲೆಕ್ಕದಲ್ಲಿ ಸುಮಾರು 6/0, 3/0. ಇದಕ್ಕಿಂತ ಮುಖ್ಯವಾದದ್ದು ದಾರ ಚಪ್ಪಟೆಯಾಗಿದೆಯಾ, ಹುರಿಯಾಗಿದೆಯಾ ಅನ್ನುವುದು. ಸುತ್ತುತ್ತಾ ಹೋದಂತೆ ಬಾಬಿನ್‌ನಲ್ಲಿ, ಅಂದರೆ ದಾರದ ಉರುಳೆ ಹಿಡಿಯುವ ಸಾಧನದಲ್ಲಿ, ದಾರ ಹುರಿಗೊಳ್ಳುತ್ತದೆ. ಹುರಿಯಾದ ದಾರ ಬೇಯಿಸಿದ ಮೊಟ್ಟೆಯನ್ನು ಸೀಳುವ ಹಾಗೆ ಫೋಮ್ ಒಳಕ್ಕೆ ಇಳಿಯುತ್ತದೆ.

ಪತ್ತೆ ಹಚ್ಚುವುದು ಸುಲಭ. ಬಾಬಿನ್ ತೂಗಾಡಲು ಬಿಡಿ. ತಾನಾಗಿ ಗಿರಗಿರ ತಿರುಗಿದರೆ ದಾರದಲ್ಲಿ ಹುರಿ ತುಂಬಿದೆ. ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ಎದುರಾಗಿ ಬಾಬಿನ್ ತಿರುಗಿಸಿ ಬಿಡಿ, ದಾರ ಬಿಚ್ಚಿಕೊಂಡು ಪಟ್ಟಿಯಂತೆ ಅಗಲವಾಗುತ್ತದೆ. ಪ್ರತಿ ಕಟ್ಟಿಗೆ ಮುಂಚೆ ಒಮ್ಮೆ ಮಾಡಿದರೆ ಸಾಕು. ಮನೆಯಲ್ಲಿರುವ ಹೊಲಿಗೆ ದಾರ ಬಳಸಬಹುದಾ ಅಂತ ಕೇಳುವವರಿದ್ದಾರೆ. ಬಳಸಬಹುದು, ಗಟ್ಟಿ ಇರುತ್ತದೆ. ಆದರೆ ಅದನ್ನು ತಯಾರಿಸುವಾಗಲೇ ಎಳೆಗಳನ್ನು ಹೊಸೆದಿರುತ್ತಾರೆ, ಎಷ್ಟು ತಿರುಗಿಸಿದರೂ ಚಪ್ಪಟೆಯಾಗುವುದಿಲ್ಲ. 3 ಮಿ.ಮೀ. ಫೋಮ್‌ಗೆ ನಡೆಯುತ್ತದೆ, 2 ಮಿ.ಮೀ.ಗೆ ಬೇಡ.

ದಾರ ಚಪ್ಪಟೆಯಾಗಿದ್ದೂ ಸೀಳುತ್ತಿದ್ದರೆ ಪಟ್ಟಿಯ ಅಂಚು ನೋಡಿ. ಮೊಂಡ ಕತ್ತರಿಯಲ್ಲಿ ಕತ್ತರಿಸಿದ ಅಂಚಿನಲ್ಲಿ ಚಿಕ್ಕ ಚಿಕ್ಕ ಕಚ್ಚುಗಳಿರುತ್ತವೆ. ಬಿಗಿದಾಗ ಸೀಳು ಶುರುವಾಗುವುದು ಅಲ್ಲಿಂದಲೇ. ಸ್ಟೀಲ್ ಸ್ಕೇಲ್ ಇಟ್ಟು ಹೊಸ ಬ್ಲೇಡ್‌ನಲ್ಲಿ ಒಂದೇ ಎಳೆತಕ್ಕೆ ಕತ್ತರಿಸಿ.

ಇದೂ ಸರಿಯಿದ್ದರೆ ಮಾತ್ರ ಶೀಟಿನ ಮೇಲೆ ಅನುಮಾನ ಪಡಬಹುದು. ಒಂದು ಮೂಲೆಯನ್ನು ಪೂರ್ತಿ ಮಡಚಿ ಉಗುರಿನಿಂದ ಒತ್ತಿ. ಮಡಿಕೆಯಲ್ಲಿ ಬಿರುಕು ಕಂಡರೆ ಅದು ಬಿಸಿಲಿಗೆ ಬಿದ್ದು ಹಳೆಯದಾಗಿರುವ ಶೀಟ್. ಅಂಗಡಿಯ ಗಾಜಿನ ಮುಂದೆ ನೇತುಹಾಕಿದ ಶೀಟ್‌ಗಳು ಹೀಗೆ ಆಗಿರುತ್ತವೆ. ಮಕ್ಕಳ ಪ್ರಾಜೆಕ್ಟ್‌ಗೆ ಕೊಟ್ಟುಬಿಡಿ.

ತೇಲುತ್ತಿಲ್ಲ

ಫೋಮ್ ತೇಲುವುದು ಒಳಗೆ ಸಿಕ್ಕಿಕೊಂಡಿರುವ ಗಾಳಿಯಿಂದ. ಕ್ರಾಫ್ಟ್‌ಗೆ ಮಾರುವ ಇವಿಎ ಶೀಟ್‌ನಲ್ಲಿ ಒಂದೊಂದು ಗುಳ್ಳೆಯೂ ಮುಚ್ಚಿರುತ್ತದೆ, ಪಕ್ಕದ ಗುಳ್ಳೆಗೆ ದಾರಿ ಇಲ್ಲ. ಸ್ಪಂಜಿನಲ್ಲಿ ಎಲ್ಲ ಗುಳ್ಳೆಗೂ ಬಾಗಿಲು. ನೋಡಲು ಎರಡೂ ಒಂದೇ ಥರ ಇರುವುದುಂಟು. ತುಂಡೊಂದನ್ನು ನೀರಿನ ಬಟ್ಟಲಲ್ಲಿ ಮುಳುಗಿಸಿ, ಅಲ್ಲೇ ಹಿಂಡಿ, ಬಿಟ್ಟು, ಹೊರಗೆ ತೆಗೆದು ಮತ್ತೆ ಹಿಂಡಿ. ನೀರು ಒಸರಿದರೆ ಆ ಫೋಮ್ ಕೆಲಸಕ್ಕೆ ಬಾರದು.

ಥರ್ಮಾಕೋಲ್ ಚೆನ್ನಾಗಿ ತೇಲುತ್ತದೆ, ನಿಜ. ಆದರೆ ಪುಡಿಯಾಗುತ್ತದೆ, ಸಾಲ್ವೆಂಟ್ ಇರುವ ಅಂಟು ಅಥವಾ ನೇಲ್ ಪಾಲಿಶ್ ತಗುಲಿದರೆ ಕರಗಿಯೇ ಹೋಗುತ್ತದೆ.

ಫೋಮ್ ತುಂಡು ಪರೀಕ್ಷೆಯಲ್ಲಿ ಪಾಸಾಗಿ, ಕಟ್ಟಿದ ಫ್ಲೈ ಮಾತ್ರ ಮುಳುಗುತ್ತಿದ್ದರೆ ಕಟ್ಟಿದ ಜಾಗಕ್ಕೆ ವಾಪಸ್ ಬನ್ನಿ. ದಾರ ಸುತ್ತಿದಲ್ಲೆಲ್ಲ ಗಾಳಿ ಹೋಗಿರುತ್ತದೆ. ಚಿಕ್ಕ ಗಾಳದ ಮೇಲೆ ಪಟ್ಟಿಯ ಉದ್ದಕ್ಕೂ ಐದಾರು ಕಡೆ ಬಿಗಿದು ಹುಳುವಿನ ಮೈಯಂತೆ ಉಂಗುರ ಉಂಗುರ ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಚೆಂದ ಕಾಣುತ್ತದೆ. ತೇಲುವ ಫೋಮ್ ಎಷ್ಟು ಉಳಿದಿದೆ ಅಂತ ಒಮ್ಮೆ ನೋಡಿ. ಹತ್ತನೇ ನಂಬರಿಗಿಂತ ಚಿಕ್ಕ ಗಾಳಕ್ಕೆ (ನಂಬರ್ ಹೆಚ್ಚಿದಷ್ಟೂ ಗಾಳ ಚಿಕ್ಕದು) ಎರಡು ಕಟ್ಟು ಸಾಕು ಅನ್ನುವುದು ನನ್ನ ಅಭಿಪ್ರಾಯ.

ಅಲ್ಲೂ ತಪ್ಪಿಲ್ಲದಿದ್ದರೆ ನೀರು ಕುಡಿಯುವ ವಸ್ತುಗಳನ್ನು ನೋಡಿ. ಶೆನೀಲ್, ಉಣ್ಣೆ, ಮೃದು ಗರಿ ಇವೆಲ್ಲ ಮೊದಲ ಹತ್ತು ನಿಮಿಷ ಸುಮ್ಮನಿರುತ್ತವೆ, ಆಮೇಲೆ ಭಾರವಾಗುತ್ತವೆ. ಆದ್ದರಿಂದ ಬಟ್ಟಲ ಪರೀಕ್ಷೆಯನ್ನು ಒಂದು ನಿಮಿಷಕ್ಕೆ ಮುಗಿಸಬೇಡಿ. ರಾತ್ರಿ ನೀರಲ್ಲಿ ಹಾಕಿ ಬೆಳಿಗ್ಗೆ ನೋಡಿ. ಗಾಳದ ತಂತಿ ದಪ್ಪ ಇದ್ದರೂ ಇದೇ ಪಾಡು. ತಳದಲ್ಲಿ ಇಳಿಸುವ ಫ್ಲೈಗಳಿಗೆ ಅಂತ ಮಾಡಿದ ಗಾಳ ಇಲ್ಲಿ ಬೇಡ.

ಹಾಗಂತ ಸ್ವಲ್ಪ ತಗ್ಗಿ ತೇಲುವುದು ದೋಷ ಅಲ್ಲ. ನೀರಿಗೆ ಬಿದ್ದ ದುಂಬಿ ಅರ್ಧ ಮುಳುಗಿಯೇ ಒದ್ದಾಡುತ್ತಿರುತ್ತದೆ. ಬೀಟಲ್ ಫ್ಲೈ ಹಾಗೆ ಕೂತರೆ ಅದನ್ನು "ಸರಿಪಡಿಸಲು" ಹೋಗಬೇಡಿ. ನಿಮಗೆ ಕಾಣಿಸುತ್ತಿಲ್ಲ ಅನ್ನುವುದಾದರೆ ಬೆನ್ನಿನ ಮೇಲೆ ಹಳದಿ ಅಥವಾ ಕಿತ್ತಳೆ ಫೋಮಿನ ಚೂರೊಂದು ಕಟ್ಟಿಕೊಳ್ಳಿ. ಮೀನಿಗೆ ಅದು ಕಾಣುವುದಿಲ್ಲ, ನಿಮಗೆ ಮಾತ್ರ.

ಮಗುಚಿ ಬೀಳುತ್ತಿದೆ

ಬಕೆಟ್‌ಗೆ ನೀರು ತುಂಬಿ, ಎದೆಮಟ್ಟದಿಂದ ಫ್ಲೈಯನ್ನು ಬೀಳಿಸಿ. ಹತ್ತು ಸಲ. ಬಕೆಟ್‌ನಲ್ಲೇ ಮಗುಚಿದರೆ ಕಟ್ಟಿದ್ದರಲ್ಲಿ ದೋಷ. ಬಕೆಟ್‌ನಲ್ಲಿ ನೆಟ್ಟಗೆ ಬಿದ್ದು ನದಿಯಲ್ಲಿ ಮಾತ್ರ ಮಗುಚಿದರೆ ಲೀಡರ್, ಅಂದರೆ ಮುಖ್ಯ ದಾರಕ್ಕೂ ಫ್ಲೈಗೂ ನಡುವಿನ ತೆಳು ಎಳೆ, ತಿರುಚಿಕೊಂಡಿದೆ.

ಮೇಲೆ ತೇಲುವ ಫೋಮ್, ಕೆಳಗೆ ಲೋಹದ ಗಾಳ ಇದ್ದರೆ ಫ್ಲೈ ತಾನಾಗಿ ನೆಟ್ಟಗಾಗಬೇಕು. ಆಗುತ್ತಿಲ್ಲ ಅಂದರೆ ಫೋಮ್ ಕಡ್ಡಿಯ ಕೆಳಗೂ ಇಳಿದಿದೆ, ಇಲ್ಲವೇ ಗಾಳಕ್ಕೆ ಹೋಲಿಸಿದರೆ ಫೋಮ್ ತೀರಾ ದಪ್ಪ. ಅಡಿಯಲ್ಲಿ ಉಬ್ಬಿದ್ದನ್ನು ಬ್ಲೇಡ್‌ನಿಂದ ತೆಗೆಯಿರಿ. ಕಾಲುಗಳನ್ನು ಎರಡೂ ಪಕ್ಕಕ್ಕೆ ಚಾಚಿಸಿ. ಅವು ಅಗಲವಾಗಿ ನೀರಿನ ಮೇಲೆ ಕೂತು ಫ್ಲೈ ಉರುಳದ ಹಾಗೆ ತಡೆಯುತ್ತವೆ. ಚಬ್ಬಿ ಚೆರ್ನೋಬಿಲ್ ಥರದ ಫ್ಲೈಯಲ್ಲಿ ಬೆನ್ನ ಮೇಲೆ ಬಿಳಿ ರೆಕ್ಕೆ ನಿಂತಿರುತ್ತದೆ. ಅದು ಉದ್ದವಾದಷ್ಟೂ ಗಾಳಿಗೆ ವಾಲುತ್ತದೆ. ಕತ್ತರಿಸುತ್ತಾ ಬನ್ನಿ, ಒಂದು ಹಂತಕ್ಕೆ ಬಂದಾಗ ನಿಲ್ಲುತ್ತದೆ.

ಲೀಡರ್ ವಿಷಯ ಬೇರೆ. ಅಗಲ ಮೂತಿಯ ಫೋಮ್ ಗಾಳಿಯಲ್ಲಿ ಫ್ಯಾನ್ ರೆಕ್ಕೆಯಾಗಿ ತಿರುಗುತ್ತದೆ, ಟಿಪ್ಪೆಟ್, ಅಂದರೆ ಫ್ಲೈ ಕಟ್ಟುವ ಲೀಡರಿನ ತುದಿ, ಹುರಿಗಟ್ಟುತ್ತದೆ. ಫ್ಲೈಗೆ ಎರಡಡಿ ಟಿಪ್ಪೆಟ್ ಕಟ್ಟಿ ಕೈಯಲ್ಲಿ ಹಿಡಿದು ಜೋರಾಗಿ ಬೀಸಿ ನೋಡಿ. ಗಿರ್ರನೆ ತಿರುಗಿದರೆ ಮೂತಿಯ ಎರಡೂ ಮೂಲೆಯನ್ನು ಒಂದೇ ಅಳತೆಗೆ ಕತ್ತರಿಸಿ. ಟಿಪ್ಪೆಟ್ ಕೂಡ ದಪ್ಪದ್ದು ಹಾಕಿ. 5ಎಕ್ಸ್ ಅಂದರೆ ಸುಮಾರು 0.15 ಮಿ.ಮೀ., 3ಎಕ್ಸ್ ಅಂದರೆ 0.20 ಮಿ.ಮೀ. ದೊಡ್ಡ ಫೋಮ್ ಫ್ಲೈಗೆ 5ಎಕ್ಸ್ ಕಟ್ಟಿ ಫ್ಲೈಯನ್ನು ಬೈಯುವುದು ನ್ಯಾಯ ಅಲ್ಲ.

ಕಚ್ಚುತ್ತದೆ, ಸಿಗುವುದಿಲ್ಲ

ಫ್ಲೈಯನ್ನು ಮುಂದಿನಿಂದ, ಕಣ್ಣಿನ ನೇರಕ್ಕೆ ನೋಡಿ. ಗಾಳದ ಮೊನೆಗೂ ಫೋಮಿನ ಹೊಟ್ಟೆಗೂ ನಡುವೆ ಖಾಲಿ ಜಾಗ ಎಷ್ಟಿದೆ? ಅಷ್ಟೇ ಮೀನಿನ ತುಟಿಗೆ ಸಿಗುವ ಜಾಗ. ದಾರ ಬಿಗಿದಾಗ ಫೋಮಿನ ಎರಡೂ ಅಂಚು ಕೆಳಕ್ಕೆ ಬಾಗಿ ಕಡ್ಡಿಯನ್ನು ಅಪ್ಪಿಕೊಳ್ಳುತ್ತದೆ, ಗಾಳದ ಬಾಯಿ ಅರ್ಧ ಮುಚ್ಚಿರುತ್ತದೆ. ಮೇಲಿನಿಂದ ನೋಡಿದರೆ ಇದು ಗೊತ್ತೇ ಆಗುವುದಿಲ್ಲ.

ಪಟ್ಟಿಯ ಅಗಲ ಗಾಳದ ಬಾಯಿಯಷ್ಟೇ ಇರಲಿ ಅನ್ನುವುದು ಕಟ್ಟುವವರ ಹಳೆಯ ಲೆಕ್ಕ. ಅದಕ್ಕಿಂತ ಅಗಲ ಬೇಕೆಂದರೆ ಅಗಲ ಬಾಯಿಯ ಗಾಳವನ್ನೇ ತನ್ನಿ. ಈಗಾಗಲೇ ಕಟ್ಟಿದ್ದರೆ ಹೊಟ್ಟೆಯ ಕಡೆ ಕೆಳಗಿಳಿದ ಅಂಚನ್ನು ಸಣ್ಣ ಕತ್ತರಿಯಿಂದ ಓರೆಯಾಗಿ ಸವರಿ. ದಾರಕ್ಕೆ ತಗುಲಿಸಬೇಡಿ.

ಜಾಗ ಸಾಕಷ್ಟಿದೆ, ಆದರೂ ತಪ್ಪುತ್ತಿದೆ ಅಂದರೆ ಬಹುಶಃ ತಪ್ಪು ಕೈಯದ್ದು. ಕಟ್‌ಥ್ರೋಟ್ ಟ್ರೌಟ್ ದೊಡ್ಡ ಹುಳುವನ್ನು ನಿಧಾನವಾಗಿ ನುಂಗುತ್ತದೆ. ಬಾಯಿ ಕಂಡ ಕೂಡಲೇ ಎಳೆದರೆ ಫ್ಲೈ ನಿಮ್ಮ ಟೋಪಿಗೆ ಬಂದು ಸಿಕ್ಕುತ್ತದೆ.

ಗರ್ಗ್ಲರ್ ಸದ್ದು ಮಾಡುತ್ತಿಲ್ಲ

ಬಾಸ್ಟನ್‌ನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ ಜ್ಯಾಕ್ ಗಾರ್ಟ್‌ಸೈಡ್ ಕಟ್ಟಿದ ಫ್ಲೈ ಇದು. ಫೋಮ್ ಪಟ್ಟಿಯನ್ನು ಹಿಂದಿನಿಂದ ಬೆನ್ನ ಮೇಲೆ ಮಡಚಿ ತಂದು, ಕಣ್ಣಿನ ಹಿಂದೆ ಕಟ್ಟಿ, ಉಳಿದ ತುದಿಯನ್ನು ತುಟಿಯಂತೆ ಮುಂದೆ ಎದ್ದು ನಿಲ್ಲಿಸುತ್ತಾರೆ. ಎಳೆದಾಗ ಆ ತುಟಿ ನೀರನ್ನು ದಬ್ಬಿ ಗುಳುಗುಳು ಅನ್ನಿಸಬೇಕು. ನಮ್ಮ ಕೆರೆಗಳ ಮುರೆಲ್ ಮೀನಿಗೆ, ಅಂದರೆ ಕುಚ್ಚು ಮೀನಿಗೆ, ಕಪ್ಪೆ ಥರ ಮೇಲೆ ಎಳೆಯಲು ಇದು ಚೆನ್ನಾಗಿ ಒಗ್ಗುತ್ತದೆ. ಹಾಗಾಗಿ ಈ ದೋಷ ಇಲ್ಲಿ ಕಟ್ಟುವವರಿಗೂ ಬರುತ್ತದೆ.

ಸದ್ದಿಲ್ಲದೆ ಜಾರಿಕೊಂಡು ಬಂದರೆ ತುಟಿ ಮಲಗಿದೆ. ಉದ್ದ ಜಾಸ್ತಿಯಾದರೆ ನೀರಿನ ಒತ್ತಡಕ್ಕೆ ಹಿಂದಕ್ಕೆ ಮಡಚಿಕೊಳ್ಳುತ್ತದೆ, ತೀರಾ ಗಿಡ್ಡವಾದರೆ ನೀರು ಮೇಲಿಂದ ಹರಿದುಹೋಗುತ್ತದೆ. ಮೊದಲು ಉದ್ದ ಇಟ್ಟುಕೊಂಡು ಬಕೆಟ್ ಅಥವಾ ತೊಟ್ಟಿಯಲ್ಲಿ ಎಳೆದು ನೋಡುತ್ತಾ ಚೂರು ಚೂರೇ ಕತ್ತರಿಸುವುದು ಸರಿಯಾದ ದಾರಿ. ಅಳತೆ ಸರಿ ಇದ್ದೂ ಮಲಗುತ್ತಿದ್ದರೆ, ತುಟಿಯನ್ನು ಹಿಂದಕ್ಕೆ ಹಿಡಿದು ಅದರ ಬುಡಕ್ಕೆ ಮುಂದಿನಿಂದ ಒತ್ತುವಂತೆ ಕಡ್ಡಿಯ ಮೇಲೆ ದಾರದ ಗುಡ್ಡೆ ಕಟ್ಟಿ. ಆ ಗುಡ್ಡೆಯೇ ತುಟಿಯನ್ನು ಎತ್ತಿ ಹಿಡಿಯುತ್ತದೆ. ಮೇಲೊಂದು ಹನಿ ಅಂಟು. 2 ಮಿ.ಮೀ.ನಲ್ಲಿ ಆಗದಿದ್ದರೆ 3 ಮಿ.ಮೀ. ಬಳಸಿ.

ಕಾಲು, ಬಣ್ಣ ಇತ್ಯಾದಿ

ರಬ್ಬರ್ ಕಾಲು ಗಾಳದ ಬಾಗಿಗೆ ಸುತ್ತಿಕೊಂಡರೆ ಉದ್ದ ಜಾಸ್ತಿ, ಕತ್ತರಿಸಿ. ಒಂದು ಕಾಲು ಮೇಲೆ, ಇನ್ನೊಂದು ಕೆಳಗೆ ಇದ್ದರೆ ಹೊರಗಿನ ಒಂದು ಸುತ್ತನ್ನು ಬಿಚ್ಚಿ, ಕಾಲನ್ನು ಬೆರಳಲ್ಲಿ ಹಿಡಿದು ಮತ್ತೆ ಸುತ್ತಿ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಡಬ್ಬಿ ಇಟ್ಟರೆ ರಬ್ಬರ್ ಅಂಟಂಟಾಗುತ್ತದೆ. ಮಾರ್ಕರ್‌ನಲ್ಲಿ ಹಾಕಿದ ಗೆರೆ ಕೈಗೆ ಹತ್ತುತ್ತಿದ್ದರೆ ಅದು ಒಣಗಿಲ್ಲ, ಒಂದು ರಾತ್ರಿ ಬಿಡಿ.

ಯಾವುದಕ್ಕೂ ಸರಿಹೋಗದ ಫ್ಲೈಯನ್ನು ಎಸೆಯಬೇಡಿ, ಗಾಳ ದುಬಾರಿ. ಫ್ಲೈಯನ್ನು ವೈಸ್‌ನಲ್ಲಿ ತಲೆಕೆಳಗೆ ಸಿಕ್ಕಿಸಿ, ಹೊಟ್ಟೆಯ ಕಡೆ ಕಡ್ಡಿಯ ಉದ್ದಕ್ಕೂ ಬ್ಲೇಡ್ ಎಳೆದರೆ ದಾರವೆಲ್ಲ ಒಟ್ಟಿಗೆ ಬಿಚ್ಚಿಕೊಳ್ಳುತ್ತದೆ. ಬ್ಲೇಡ್ ನಿಮ್ಮ ಬೆರಳಿನಿಂದ ಆಚೆ ಕಡೆಗೆ ಹೋಗಲಿ. ಕಡ್ಡಿಗೆ ಅಂಟಿದ ಸೂಪರ್ ಗ್ಲೂ ಹೋಗದಿದ್ದರೆ ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್‌ನಲ್ಲಿ ಸ್ವಲ್ಪ ಹೊತ್ತು ನೆನೆಸಿ ಒರೆಸಿ. ಕಿಟಕಿ ತೆರೆದಿಡಿ, ಒಲೆಯ ಹತ್ತಿರ ಬೇಡ. ಒಣಗಿದ ಮೇಲೆ ಮೊನೆಯನ್ನು ಉಗುರಿನ ಮೇಲೆ ಓರೆಯಾಗಿ ಇಟ್ಟು ನೋಡಿ. ಉಗುರಿಗೆ ಕಚ್ಚಿ ನಿಂತರೆ ಮತ್ತೆ ಕಟ್ಟಬಹುದು, ಜಾರಿದರೆ ಸಣ್ಣ ಅರದಲ್ಲಿ ಎರಡು ಸಲ ಉಜ್ಜಿಕೊಳ್ಳಿ.